ಅವಮಾನ ಎಲ್ಲರ ಮುಂದೆ, ಕ್ಷಮೆ ಮಾತ್ರ ಚರ್ಚಿನ ಒಳಕೋಣೆ ವೆಸ್ಟ್ರಿಯೊಳಗೆ. ಅಮ್ಮ ಕೈ ಕೊಡಲೇಬೇಕಾ?

ಖಜಾಂಚಿ_ಮಗಳು
ಎಲ್ಲರಿಗೂ ವಂದನೆ. ನಮ್ಮದು ಉತ್ತರ ಕರ್ನಾಟಕದ ಒಂದು ಸಣ್ಣ ಊರಿನ ಪ್ರೊಟೆಸ್ಟಂಟ್ ಸಭೆ. ಊರು, ಸಭೆ, ಜನರ ಹೆಸರು ದಯವಿಟ್ಟು ಕೇಳಬೇಡಿ.

ಅಮ್ಮ ನಿವೃತ್ತ ಶಿಕ್ಷಕಿ. ಸಭೆಗೆ ಖಜಾಂಚಿ ಆಗಿದ್ದರು. ಎರಡು ವರ್ಷದ ಹಿಂದೆ ಸುಗ್ಗಿ ಹಬ್ಬದ ಸವಾಲಿನ ದುಡ್ಡಲ್ಲಿ ಒಂದೂಮುಕ್ಕಾಲು ಲಕ್ಷಕ್ಕೆ ಲೆಕ್ಕ ಸಿಗಲಿಲ್ಲ. ಮಹಾಸಭೆಯಲ್ಲಿ ಕಾರ್ಯದರ್ಶಿ ಎದ್ದು ನಿಂತು, "ಪುಸ್ತಕ ಬರೆಯೋರು ಅವರು, ಬೀಗದ ಕೈ ಅವರ ಹತ್ರ, ಅವರನ್ನೇ ಕೇಳಿ" ಅಂದರು. ಅಯ್ಯನವರು (ಸಭಾಪಾಲಕರು) ಪಕ್ಕದಲ್ಲೇ ಕೂತಿದ್ದರು, ತುಟಿ ಬಿಚ್ಚಲಿಲ್ಲ. ಅಮ್ಮ ಅವತ್ತೇ ರಾಜೀನಾಮೆ ಬರೆದುಕೊಟ್ಟು ಬಂದರು.

ಆಮೇಲೆ ಗೊತ್ತಾಗಿದ್ದು ಏನೆಂದರೆ, ದುಡ್ಡು ತೆಗೆದವರು ಕಾರ್ಯದರ್ಶಿಯೇ. ಮನೆ ಕಟ್ಟಿಸೋದು ಅರ್ಧಕ್ಕೆ ನಿಂತಿತ್ತಂತೆ. ಮಹಾಸಭೆಗೂ ಮೊದಲೇ ಅಯ್ಯನವರ ಮುಂದೆ ಒಪ್ಪಿಕೊಂಡಿದ್ದರು. ಇಬ್ಬರೂ ವೆಸ್ಟ್ರಿಯಲ್ಲಿ ಮೊಣಕಾಲೂರಿ ಪ್ರಾರ್ಥನೆ ಮಾಡಿ ಅಲ್ಲಿಗೇ ಮುಗಿಸಿದ್ದರು! ಆ ಅಯ್ಯನವರಿಗೆ ವರ್ಗ ಆಯಿತು. ದುಡ್ಡು ಅರ್ಧ ವಾಪಸ್ ಬಂದಿದೆ.

ಹೊಸ ಅಯ್ಯನವರು ಹೋದ ತಿಂಗಳು "ಏಳೆಪ್ಪತ್ತು ಸಾರಿ ಕ್ಷಮಿಸು" ಅಂತ ಪ್ರಸಂಗ ಮಾಡಿ, ಮುಗಿದ ಮೇಲೆ ಇಬ್ಬರನ್ನೂ ಮುಂದೆ ಬಂದು ಕೈ ಕುಲುಕಿ ಅಂತ ಕರೆದರು. ಅಮ್ಮ ಬೆಂಚಿನಿಂದ ಏಳಲಿಲ್ಲ. ಈಗ ಊರಲ್ಲೆಲ್ಲ ಅಮ್ಮನದೇ ಕಲ್ಲು ಹೃದಯ. ಅವರು ಕರ್ತನ ಭೋಜನಕ್ಕೂ (ರೊಟ್ಟಿ, ದ್ರಾಕ್ಷಾರಸ ಹಂಚುವ ಸಂಸ್ಕಾರಕ್ಕೂ) ಹೋಗುತ್ತಿಲ್ಲ. ಅಮ್ಮ ತಪ್ಪಾ?

ಆಲ್ಟೊ_ದನಿ
ತಪ್ಪೇ ಇಲ್ಲ. ಅವರಿಗೆ ನನ್ನ ನಮಸ್ಕಾರ ಹೇಳಿ.

ಧಾರವಾಡ_ಪೇಢೆ
ಅಕ್ಕಾರ, ನಿಮ್ಮ ಅವ್ವಾರು ಬೆಂಚಿನ್ಯಾಗ ಕುಂತಿದ್ದೇ ಖರೇ ಪ್ರಸಂಗ. ರೊಕ್ಕ ತಿಂದಾವ ಅಂವ, ಕೈ ಕುಲುಕಬೇಕಾದಾಕಿ ಇವರು. ಯಾವ ನ್ಯಾಯರೀ ಇದು?

ನಿವೃತ್ತ_ಸಭಾಪಾಲಕ
ತಂಗೀ, ನಾನು ಸಭಾಪಾಲನೆ ಮಾಡಿ ನಿವೃತ್ತನಾದವನು. ನಿಮ್ಮ ತಾಯಿಯ ನೋವು ನನಗೆ ಅರ್ಥವಾಗುತ್ತದೆ. ಆದರೂ ಎರಡು ಮಾತು. ಕೊರಿಂಥ ಸಭೆಯಲ್ಲಿ ದೊಡ್ಡ ತಪ್ಪು ಮಾಡಿದವನೊಬ್ಬನ ಬಗ್ಗೆ ಅಪೊಸ್ತಲ ಪೌಲನು ಆ ಸಭೆಗೆ ಎರಡನೆಯ ಪತ್ರದಲ್ಲಿ ಏನು ಬರೆದ ನೋಡಿ: ಅವನಿಗೆ ಆದದ್ದು ಸಾಕು, ಇನ್ನು ಕ್ಷಮಿಸಿ, ಸಂತೈಸಿ, ಇಲ್ಲದಿದ್ದರೆ ಅವನು ದುಃಖದಲ್ಲಿ ಮುಳುಗಿಹೋಗುತ್ತಾನೆ ಅಂತ. ಆ ಕಾರ್ಯದರ್ಶಿಗೂ ಹೆಂಡತಿ ಮಕ್ಕಳಿದ್ದಾರೆ. ಮಕ್ಕಳು ಭಾನುವಾರದ ಶಾಲೆಗೆ ಬರುವುದು ಬಿಟ್ಟರೆ ಆ ಹೊಣೆ ಯಾರದು? ಅಲ್ಲದೆ ಕಹಿ ಬಹಳ ದಿನ ಉಳಿದರೆ ಮೊದಲು ಬೇಯುವುದು ನಿಮ್ಮ ತಾಯಿಯೇ. ಕೈ ಕೊಡುವುದರಿಂದ ಅವರು ಸಣ್ಣವರಾಗುವುದಿಲ್ಲ.

ಬೆರೋಯದವನು
ಅಯ್ನೋರೇ, ಅದೇ ವಾಕ್ಯದ ಮುಂದಿನ ಭಾಗ ಬಿಟ್ಟು ಹೇಳಿದಿರಿ. 2 ಕೊರಿಂಥ 2:6. ಅಲ್ಲಿ "ಸಾಕು" ಅಂದದ್ದು ಸಭೆಯಲ್ಲಿ ಹೆಚ್ಚಿನವರು ಸೇರಿ ಕೊಟ್ಟ ಶಿಕ್ಷೆಯ ಬಗ್ಗೆ. ಅಂದರೆ ಅವನು ಏನು ಮಾಡಿದ್ದ ಅನ್ನೋದು ಸಭೆಗೆ ಗೊತ್ತಿತ್ತು, ಸಭೆ ಕ್ರಮ ತಗೊಂಡಿತ್ತು. ಆಮೇಲೆ ಬಂದದ್ದು ಕ್ಷಮೆ. ಇಲ್ಲಿ ಸಭೆಗೆ ಗೊತ್ತಿರೋದು ಒಂದೇ, ಖಜಾಂಚಿ ಕಳ್ಳಿ ಅಂತ.

ಏಳೆಪ್ಪತ್ತು ಸಾರಿ ಇರೋದು ಮತ್ತಾಯ 18:22ರಲ್ಲಿ. ಅದೇ ಅಧ್ಯಾಯದ 15ರಿಂದ 17 ಓದಿ. ಮೊದಲು ನೀನೊಬ್ಬನೇ ಹೋಗಿ ಅವನ ತಪ್ಪು ತಿಳಿಸು, ಕೇಳದಿದ್ದರೆ ಒಬ್ಬಿಬ್ಬರನ್ನು ಕರಕೊಂಡು ಹೋಗು, ಅದಕ್ಕೂ ಕೇಳದಿದ್ದರೆ ಸಭೆಗೆ ಹೇಳು. ಮೂರು ಮೆಟ್ಟಿಲು. ನಮ್ಮ ಅಯ್ಯನವರುಗಳು ಮೂರನ್ನೂ ಹಾರಿ ಸೀದಾ 22ಕ್ಕೆ ಬರ್ತಾರೆ. ಅದೂ ದೊಡ್ಡವರು ಸಿಕ್ಕಿಬಿದ್ದಾಗ ಮಾತ್ರ. ಯಾರೋ ಬಡಹುಡುಗ ಕಾಣಿಕೆ ಡಬ್ಬಿಗೆ ಕೈ ಹಾಕಿದ್ದರೆ ಮರುದಿನವೇ ಪೊಲೀಸ್ ಸ್ಟೇಷನ್.

ಧಾರವಾಡ_ಪೇಢೆ
ಕಡೀ ಮಾತು ನೂರಕ್ಕೆ ನೂರು ಖರೇ ಅದ.

ಕುಡ್ಲದ_ಕೊಯರ್
ಮಾರಾಯ್ರೆ ಒಂದು ವಿಷಯ. ಆ 22ರ ಮುಂದೆಯೇ ಯೇಸು ಹೇಳಿದ ಸಾಮ್ಯ (ನೀತಿಕಥೆ) ಪೂರ್ತಿ ಓದಿದ್ರೆ ಇನ್ನೂ ಮಜಾ ಉಂಟು. ಆಳು ರಾಜನಿಗೆ ಕೊಡಬೇಕಾದ ಸಾಲ ಹತ್ತು ಸಾವಿರ ತಲಾಂತು. ಒಂದು ತಲಾಂತು ಅಂದ್ರೆ ಸುಮಾರು 6,000 ದಿನಾರಿ, ಒಂದು ದಿನಾರಿ ಅಂದ್ರೆ ಕೂಲಿಯವನ ಒಂದು ದಿನದ ಸಂಬಳ. ಲೆಕ್ಕ ಹಾಕಿ, ಆರು ಕೋಟಿ ದಿನದ ಕೂಲಿ! ಅಷ್ಟು ಮಾಫಿ ಮಾಡಿಸಿಕೊಂಡವ ಹೊರಗೆ ಬಂದು ನೂರು ದಿನಾರಿಗೆ ಇನ್ನೊಬ್ಬನ ಕುತ್ತಿಗೆ ಹಿಡಿದ. ಈ ಕಥೆಯಲ್ಲಿ ಕುತ್ತಿಗೆ ಹಿಡಿದದ್ದು ಯಾರು? ವೆಸ್ಟ್ರಿಯಲ್ಲಿ ಮಾಫಿ ಸಿಕ್ಕಿದ ಮೇಲೆ ಮಹಾಸಭೆಗೆ ಬಂದು ನಿರಪರಾಧಿ ಟೀಚರಮ್ಮನ ಮೇಲೆ ಕೈ ತೋರಿಸಿದ್ದು ಕಾರ್ಯದರ್ಶಿ ಅಲ್ವಾ? ಹೊಸ ಅಯ್ನೋರು ಸಾಮ್ಯವನ್ನು ಉಲ್ಟಾ ಹಿಡಿದಿದ್ದಾರೆ.

ಆಲ್ಟೊ_ದನಿ
ಇದನ್ನು ಹೊಸ ಅಯ್ಯನವರಿಗೆ ಯಾರಾದರೂ ಕಳಿಸಿ ಪ್ಲೀಸ್.

ಎರಡೂ_ಕಡೆ_ಕೇಳಿ
ಎಲ್ಲರೂ ಆಗಲೇ ತೀರ್ಪು ಬರೆದಾಯ್ತಾ? ಇದು ಒಂದೇ ಕಡೆಯ ಕಥೆ. ಕಾರ್ಯದರ್ಶಿಯೇ ತೆಗೆದದ್ದು ಅಂತ ಈ ತಂಗಿಗೆ ಹೇಗೆ ಗೊತ್ತು? ಅಯ್ಯನವರ ಬಳಿ ಒಪ್ಪಿಕೊಂಡದ್ದು ಇವರ ಕಿವಿಗೆ ಹೇಗೆ ಬಿತ್ತು? ನಾನೂ ಕಮಿಟಿಯಲ್ಲಿ ಇದ್ದವನು, ಸಭೆಗಳಲ್ಲಿ ಗಾಳಿಮಾತಿಗೆ ಬರ ಇಲ್ಲ.

ಖಜಾಂಚಿ_ಮಗಳು
ಕೇಳಿದ್ದು ಸರಿಯಾಗಿಯೇ ಇದೆ. ಹೇಳಿದವರು ಕಾರ್ಯದರ್ಶಿಯ ಹೆಂಡತಿ. ಅಮ್ಮನ ಹತ್ತಿರ ಕಲಿತವರು ಅವರು. ರಾಜೀನಾಮೆ ಆಗಿ ಸ್ವಲ್ಪ ದಿನಕ್ಕೆ ಒಂದು ರಾತ್ರಿ ಮನೆಗೆ ಬಂದು, "ಟೀಚರ್, ನಿಮ್ಮ ಕಾಲಿಗೆ ಬೀಳ್ತೀನಿ, ಎಲ್ಲರ ಮುಂದೆ ಹೇಳಬೇಡಿ, ಮಗಳಿಗೆ ಗಂಡು ನೋಡ್ತಾ ಇದ್ದೀವಿ" ಅಂತ ಅತ್ತರು. ಅಮ್ಮ ಹೇಳೋದಿಲ್ಲ ಅಂತ ಮಾತು ಕೊಟ್ಟರು. ಆ ಮಾತಿಗಾಗಿಯೇ ಇಷ್ಟು ದಿನ ಬಾಯಿ ಮುಚ್ಚಿಕೊಂಡಿದ್ದಾರೆ. ಅರ್ಧ ದುಡ್ಡು ಕಟ್ಟಿದ ರಸೀದಿ ನಾನೇ ನೋಡಿದ್ದೇನೆ, "ದಾನಿಯೊಬ್ಬರಿಂದ" ಅಂತ ಬರೆದಿದ್ದಾರೆ.

ಎರಡೂ_ಕಡೆ_ಕೇಳಿ
ಸರಿ. ಇನ್ನು ಆ ಪ್ರಶ್ನೆ ನನ್ನದಲ್ಲ.

ಬೆರೋಯದವನು
"ದಾನಿಯೊಬ್ಬರಿಂದ"! ಕದ್ದ ದುಡ್ಡು ವಾಪಸ್ ಕೊಟ್ಟು ದಾನಿ ಅನ್ನಿಸಿಕೊಂಡರು. ಬೈಬಲಿನ ಸುಂಕದವ ಜಕ್ಕಾಯ ಎಲ್ಲರ ಮುಂದೆ ನಿಂತು, ಮೋಸದಿಂದ ತಗೊಂಡದ್ದಕ್ಕೆ ನಾಲ್ಕರಷ್ಟು ಕೊಡ್ತೀನಿ ಅಂದ. ಇವರದು ಅರ್ಧ, ಅದೂ ಗುಟ್ಟಾಗಿ.

ನಿವೃತ್ತ_ಸಭಾಪಾಲಕ
ಇದು ಗೊತ್ತಿದ್ದರೆ ಮಾತು ಬೇರೆಯೇ ಇತ್ತು. ಅಂದರೆ ನಿಮ್ಮ ತಾಯಿ ಆ ಮನೆಯವರನ್ನು ಆಗಲೇ ಕ್ಷಮಿಸಿದ್ದಾರೆ, ಬೆಲೆಯನ್ನೂ ತಾವೇ ತೆತ್ತಿದ್ದಾರೆ.

ಅಯ್ಯನವರು ಯಾಕೆ ಬಾಯಿ ಬಿಡಲಿಲ್ಲ ಎಂದು ಕೇಳುವವರಿಗೆ ಒಳಗಿನ ಸಂಗತಿ ಹೇಳುತ್ತೇನೆ, ಸಮರ್ಥನೆ ಎಂದು ತಿಳಿಯಬೇಡಿ. ಸಭಾಪಾಲಕ ಕೆಲವು ವರ್ಷಕ್ಕೊಮ್ಮೆ ವರ್ಗವಾಗುವವನು. ಕಾರ್ಯದರ್ಶಿಯ ಮನೆತನ ಮೂರು ತಲೆಮಾರಿನಿಂದ ಅದೇ ಬೆಂಚಿನಲ್ಲಿ ಕೂತಿರುತ್ತದೆ. ಪಾರ್ಸನೇಜಿನ (ಅಯ್ಯನವರ ಮನೆಯ) ಹೆಂಚು ಒಡೆದರೆ ಕಮಿಟಿಯಲ್ಲಿ ಮಂಜೂರು ಮಾಡಿಸುವವರು ಅವರು, ಅಯ್ಯನವರ ಮೇಲೆ ಬಿಷಪ್ಪರಿಗೆ ದೂರು ಬರೆಯುವವರೂ ಅವರೇ. ಮಕ್ಕಳ ಪರೀಕ್ಷೆ ಹತ್ತಿರ ಇರುವಾಗ ವರ್ಗದ ಭಯ ದೊಡ್ಡದು. ಹಾಗಾಗಿ ಎಷ್ಟೋ ಜನ "ಸಮಾಧಾನ" ಎನ್ನುವ ಹೆಸರಿನಲ್ಲಿ ಜಗಳ ಮುಂದಿನವರ ಕಾಲಕ್ಕೆ ದಾಟಿಸಿ ಹೋಗುತ್ತಾರೆ.

ಕುಡ್ಲದ_ಕೊಯರ್
ಅಯ್ನೋರೆ, ಯೆಹೆಜ್ಕೇಲ 34ರಲ್ಲಿ ಕುರಿ ಬಿಟ್ಟು ತಮ್ಮ ಹೊಟ್ಟೆ ನೋಡಿಕೊಂಡ ಕುರುಬರಿಗೆ ಬೈದದ್ದು ಇದಕ್ಕೇ ಅಲ್ವಾ? ಆದ್ರೆ ನೀವು ಬಿಡಿಸಿ ಹೇಳಿದ್ದಕ್ಕೆ ಥ್ಯಾಂಕ್ಸ್. ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ.

ಪಕ್ಕದ_ಮನೆಯವ
ನಾನು ಕ್ರೈಸ್ತನಲ್ಲ, ಸುಮ್ಮನೆ ಓದ್ತಾ ಇದ್ದೆ. ಹೆಸರು ಬದಲಾಯಿಸಿದ್ರೆ ಇದು ನಮ್ಮೂರ ಜಾತ್ರೆ ಕಮಿಟಿ ಕಥೆ ಕಣ್ರೀ. ಪಟ್ಟಿ ದುಡ್ಡು ತಿಂದವರಿಗೇ ಮುಂದಿನ ವರ್ಷ ಹಾರ, ಶಾಲು. ಕುತೂಹಲಕ್ಕೆ ಕೇಳ್ತೀನಿ, ಸುಗ್ಗಿ ಹಬ್ಬದ ಸವಾಲು ಅಂದ್ರೆ ಏನು? ಅಷ್ಟು ದುಡ್ಡು ಬರುತ್ತಾ?

ಧಾರವಾಡ_ಪೇಢೆ
ಬೆಳೀ ಬಂದ ಮ್ಯಾಲೆ ಎಲ್ಲಾರೂ ಮೊದಲ ಫಲ ತರ್ತಾರ್ರೀ. ಜ್ವಾಳ, ಕುಂಬಳಕಾಯಿ, ಬಾಳೀಗೊನಿ, ತತ್ತಿ, ಕೋಳಿ. ಆರಾಧನೆ ಮುಗಿದ ಮ್ಯಾಲೆ ಅಂಗಳದಾಗ ಸವಾಲು. ಒಂದು ಕುಂಬಳಕಾಯಿ ನಾಕು ಸಲ ಮಾರಾಟ ಆಗ್ತದ. ಕೊಂಡವರು ವಾಪಸ್ ದೇವರಿಗೇ ಕೊಡ್ತಾರ, ಮತ್ತ ಸವಾಲು. ಬೀಗರ ನಡುವ ಜಿದ್ದಿಗೆ ಬಿದ್ರಂತೂ ಕೋಳಿಗೆ ಕುರಿ ರೇಟು!

ಪಕ್ಕದ_ಮನೆಯವ
ಹಹ್ಹಾ. ಮುಂದಿನ ಸಲ ಕರೀರಿ.

ಎರಡೂ_ಕಡೆ_ಕೇಳಿ
ಅಲ್ಲೇ ಸಮಸ್ಯೆ ಇರೋದು. ಅಂಗಳದಲ್ಲಿ ಗದ್ದಲ, ಒಬ್ಬ ಕೂಗ್ತಾನೆ, ಒಬ್ಬ ಚೀಟಿ ಬರೀತಾನೆ, ಇನ್ನೊಬ್ಬ ದುಡ್ಡು ಇಸ್ಕೋತಾನೆ. "ಆಮೇಲೆ ಕೊಡ್ತೀನಿ" ಅನ್ನೋರ ಬಾಕಿ ಯಾವ ಪುಸ್ತಕದಲ್ಲೂ ಇರೋದಿಲ್ಲ. ಖಜಾಂಚಿ ಕೈಗೆ ಸಂಜೆ ಒಂದು ಗಂಟು ಬರುತ್ತೆ, ಅಷ್ಟೇ.

ಇಗರ್ಜಿ_ಹುಡುಗಿ
ನಾವು ಕಥೋಲಿಕರು, ನಮ್ಮಲ್ಲಿ ಪಾಪನಿವೇದನೆ ಉಂಟು. ಅದಕ್ಕೇ ಹೇಳ್ತೇನೆ, ಗುಟ್ಟಲ್ಲಿ ಒಪ್ಪಿಕೊಂಡರೆ ಮುಗಿಯಿತು ಅನ್ನುವುದು ನಮ್ಮಲ್ಲೂ ಇಲ್ಲ. ಫಾದರ್ ಗುಟ್ಟು ಬಿಟ್ಟುಕೊಡುವಂತಿಲ್ಲ, ಸರಿ. ಆದರೆ 1992ರ ಧರ್ಮೋಪದೇಶ ಗ್ರಂಥದ 1459ನೇ ಪರಿಚ್ಛೇದದಲ್ಲಿ ಸ್ಪಷ್ಟ ಉಂಟು, ಕದ್ದದ್ದನ್ನು ಹಿಂದಿರುಗಿಸಬೇಕು, ಸುಳ್ಳು ಹೇಳಿ ಒಬ್ಬರ ಹೆಸರು ಕೆಡಿಸಿದ್ದರೆ ಆ ಹೆಸರನ್ನು ಸರಿ ಮಾಡಿಕೊಡಬೇಕು ಅಂತ. ಇಲ್ಲಿ ಹಣ ಅರ್ಧ ಬಂತು, ಹೆಸರಿನ ಬಾಕಿ ಹಾಗೇ ಉಂಟು.

ಇನ್ನು ಮೇಲಿನವರು ನಿರ್ಧಾರ ಮಾಡಿ ಕೆಳಗಿನವರು ಒಡೆದುಹೋಗುವುದು ಹೊಸದಲ್ಲ. ಬ್ರಹ್ಮಾವರದ ಕಡೆ ಬಂದರೆ ಕೊಂಕಣಿ ಮಾತಾಡುವ ಆರ್ಥೊಡಾಕ್ಸ್ ಕ್ರೈಸ್ತರು ಸಿಗ್ತಾರೆ. 1880ರ ದಶಕದಲ್ಲಿ ಇಲ್ಲಿನ ಚರ್ಚುಗಳು ಪೋರ್ಚುಗೀಸ್ ರಾಜರ ಪದ್ರುವಾದೊ ಅಧಿಕಾರದ ಕೈಕೆಳಗೋ ರೋಮಿನ ಪ್ರೊಪಗಾಂಡ ಇಲಾಖೆಯ ಕೈಕೆಳಗೋ ಅಂತ ಜಗಳ. ಗೋವಾದ ಆಲ್ವಾರಿಸ್ ಪಾದ್ರಿ ಹೊರಗೆ ಬಂದು 1889ರಲ್ಲಿ ಆರ್ಥೊಡಾಕ್ಸ್ ಬಿಷಪ್ ಆದರು, ಇಲ್ಲಿ ನೊರೊನ್ಹಾ ಪಾದ್ರಿ ಜನರ ಜೊತೆ ನಿಂತರು. ದೂರದ ದೊಡ್ಡವರು ಗೆರೆ ಎಳೆದರು, ಇಲ್ಲಿ ಕುಟುಂಬಗಳೇ ಎರಡಾದವು.

ಬೆರೋಯದವನು
ವಿಷಯ ಎಲ್ಲಿಂದ ಎಲ್ಲಿಗೆ ಹೋಯ್ತು ತಂಗೀ?

ಇಗರ್ಜಿ_ಹುಡುಗಿ
ನೀವು ಕೊರಿಂಥದ ತನಕ ಹೋಗಬಹುದು, ನಾನು ಬ್ರಹ್ಮಾವರಕ್ಕೆ ಹೋಗಬಾರದಾ?

ಆಲ್ಟೊ_ದನಿ
😂

ಕಪ್ಪು_ಕೋಟು
ವಕೀಲನಾಗಿ ನನ್ನ ಮಾತು. ವಹಿಸಿಕೊಟ್ಟ ಹಣವನ್ನು ಸ್ವಂತಕ್ಕೆ ಬಳಸಿದರೆ ಅದು ಕ್ರಿಮಿನಲ್ ನಂಬಿಕೆದ್ರೋಹ. ಹಿಂದೆ ಐಪಿಸಿ 406, 2024ರ ಜುಲೈ 1ರಿಂದ ಈಚಿನ ಘಟನೆಗಳಿಗೆ ಭಾರತೀಯ ನ್ಯಾಯ ಸಂಹಿತೆ 316. ಅರ್ಧ ವಾಪಸ್ ಕೊಟ್ಟರೆ ಅಪರಾಧ ಅಳಿಸಿಹೋಗುವುದಿಲ್ಲ. ಎಲ್ಲರ ಮುಂದೆ ಸುಳ್ಳು ಆರೋಪ ಹೊರಿಸಿದ್ದಕ್ಕೆ ಮಾನನಷ್ಟದ ದಾರಿ ಬೇರೆ ಇದೆ. ಅಮ್ಮ ಮನಸ್ಸು ಮಾಡಿದರೆ ನೋಟಿಸ್ ಕಳಿಸಬಹುದು.

ನಿವೃತ್ತ_ಸಭಾಪಾಲಕ
ಸಹೋದರರ ಜಗಳ ಅವಿಶ್ವಾಸಿಗಳ ಮುಂದೆ ಯಾಕೆ ಒಯ್ಯುತ್ತೀರಿ ಎಂದು ಪೌಲನೇ ಕೇಳಿದ್ದಾನೆ, 1 ಕೊರಿಂಥ 6. ಕೋರ್ಟಿಗೆ ಹೋದ ಸಭೆಗಳ ಗತಿ ನೋಡಿದ್ದೇವಲ್ಲ. ಕೇರಳದಲ್ಲಿ ಆರ್ಥೊಡಾಕ್ಸ್ ಮತ್ತು ಯಾಕೋಬಾಯ ಪಂಗಡಗಳ ಒಡಕು ಶುರುವಾದದ್ದು 1912ರಲ್ಲಿ. 2017ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟ ಮೇಲೂ ಜಗಳ ನಿಲ್ಲಲಿಲ್ಲ, ಹೆಣ ಹೂಳುವುದಕ್ಕೂ ತಕರಾರಾಗಿ 2020ರಲ್ಲಿ ಸ್ಮಶಾನದ ಬಗ್ಗೆಯೇ ಕಾಯ್ದೆ ಬಂತು. ನಮ್ಮ ಸಿ.ಎಸ್.ಐ. (ದಕ್ಷಿಣ ಭಾರತ ಸಭೆ) ಸಿನೋಡಿನ, ಅಂದರೆ ಮೇಲಿನ ಆಡಳಿತ ಮಂಡಳಿಯ, ಚುನಾವಣೆಯೂ ಮದ್ರಾಸ್ ಹೈಕೋರ್ಟು, ಸುಪ್ರೀಂ ಕೋರ್ಟು ಹತ್ತಿತು. ಯಾರು ಗೆದ್ದರು?

ಕಪ್ಪು_ಕೋಟು
ಅದೇ ಅಧ್ಯಾಯದಲ್ಲಿ ಪೌಲ ಇನ್ನೊಂದು ಪ್ರಶ್ನೆಯನ್ನೂ ಕೇಳಿದ್ದಾನೆ ಅಯ್ಯನವರೇ: ಸಹೋದರರ ನ್ಯಾಯ ತೀರಿಸುವ ಬುದ್ಧಿವಂತ ನಿಮ್ಮಲ್ಲಿ ಒಬ್ಬನೂ ಇಲ್ಲವೇ ಅಂತ. ಒಳಗೆ ನ್ಯಾಯ ಸಿಕ್ಕಿದ್ದರೆ ಕಪ್ಪು ಕೋಟಿನವರ ಮನೆ ಬಾಗಿಲು ಯಾರೂ ತಟ್ಟುವುದಿಲ್ಲ. ನಮಗೇನೂ ಸಭೆಯ ಕೇಸು ಬಹಳ ಇಷ್ಟ ಅಂತಲ್ಲ, ಎರಡೂ ಪಾರ್ಟಿ ಫೀಸು ಬಾಕಿ ಇಡ್ತಾರೆ.

ಲೆಸ್ಟರ್_ಕನ್ನಡಿಗ
ಇಲ್ಲಿ ಇಂಗ್ಲೆಂಡಲ್ಲಿ ಇದಕ್ಕಿಂತ ಬಹಳ ಘೋರವಾದದ್ದನ್ನು ನೋಡಿದೆವು. ಜಾನ್ ಸ್ಮೈತ್ ಅನ್ನುವ ವಕೀಲ ಕ್ರೈಸ್ತ ಶಿಬಿರಗಳ ಹೆಸರಲ್ಲಿ ಹುಡುಗರನ್ನು ಹಿಂಸಿಸಿದ್ದ. ಚರ್ಚಿನ ದೊಡ್ಡವರಿಗೆ ವಿಷಯ ತಲುಪಿದ್ದರೂ ಮುಚ್ಚಿಹೋಯಿತು. 2024ರ ನವೆಂಬರ್‌ನಲ್ಲಿ ಇದರ ಬಗ್ಗೆ ಮೇಕಿನ್ ತನಿಖಾ ವರದಿ ಬಂದ ಕೆಲವೇ ದಿನಕ್ಕೆ ಇಲ್ಲಿನ ಚರ್ಚಿನ ಅತಿ ಹಿರಿಯ ಬಿಷಪ್ಪರಾದ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಜಸ್ಟಿನ್ ವೆಲ್ಬಿ ರಾಜೀನಾಮೆ ಕೊಡಬೇಕಾಯಿತು. ಮುಂದಿನ ವರ್ಷ ಬಿಬಿಸಿಯವರು "ಸ್ಮೈತ್‌ನನ್ನು ಕ್ಷಮಿಸುತ್ತೀರಾ" ಅಂತ ಕೇಳಿದಾಗ ಹೌದು ಅಂದರು. ಆದರೆ ಅವನು ಹಿಂಸಿಸಿದ್ದು ನನ್ನನ್ನಲ್ಲ, ಹಾಗಾಗಿ ನಾನು ಕ್ಷಮಿಸುವುದೂ ಬಿಡುವುದೂ ಇಲ್ಲಿ ಮುಖ್ಯವಲ್ಲ ಅನ್ನೋ ಅರ್ಥದಲ್ಲಿ ಮಾತು ಸೇರಿಸಿದರು.

ಅಧಿಕಾರ ಕಳೆದುಕೊಂಡ ಮೇಲೆ ಬಂದ ತಿಳಿವಳಿಕೆ, ಇರಲಿ. ನಿಮ್ಮ ಹಳೆ ಅಯ್ಯನವರ ಕೈಯಿಂದ ಹೋದದ್ದು ಸಭೆಯ ದುಡ್ಡು, ಟೀಚರ ಮಾನ. ಎರಡೂ ಅವರದಲ್ಲ. ಯಾರ ಪರವಾಗಿ ಕ್ಷಮಿಸಿದರು?

ಎರಡೂ_ಕಡೆ_ಕೇಳಿ
ಅದಕ್ಕೂ ಇದಕ್ಕೂ ಹೋಲಿಕೆ ಬೇಡ ಸರ್. ಅದು ಮಕ್ಕಳ ಮೇಲಿನ ಹಿಂಸೆ, ಇದು ದುಡ್ಡಿನ ವಿಷಯ.

ಲೆಸ್ಟರ್_ಕನ್ನಡಿಗ
ಅಪರಾಧ ಒಂದೇ ತೂಕದ್ದು ಅಂತ ನಾನು ಹೇಳಲಿಲ್ಲ. ಮುಚ್ಚುವ ರೀತಿ ಒಂದೇ ಅಂದೆ.

ಆಲ್ಟೊ_ದನಿ
ಕೈ ಕುಲುಕುವ ವಿಚಾರಕ್ಕೆ ಒಂದು ಮಾತು. 1950ರ ಸಿ.ಎಸ್.ಐ. ಆರಾಧನಾ ಕ್ರಮದಲ್ಲಿ ಸಮಾಧಾನವನ್ನು ಕೈಯಿಂದ ಕೈಗೆ ದಾಟಿಸುವ ಪದ್ಧತಿ ತಂದರು. ಮುಂದೆ ಬೇರೆ ದೇಶದ ಸಭೆಗಳೂ ಅದನ್ನು ನೋಡಿ ಕಲಿತವು. ಅಲ್ಲಿ ಎಲ್ಲರೂ ಎಲ್ಲರಿಗೂ ಕೊಡ್ತಾರೆ, ಒಬ್ಬರ ಹೆಸರು ಹಿಡಿದು ಮುಂದೆ ಕರೆಯೋದಿಲ್ಲ. ಹೊಸ ಅಯ್ಯನವರು ಮಾಡಿದ್ದು ಪಂಚಾಯ್ತಿ.

ಕಾಣಿಕೆಯನ್ನು ಯಜ್ಞವೇದಿಯ ಮುಂದೆ ಬಿಟ್ಟು ಹೋಗು ಅನ್ನೋ ಮತ್ತಾಯ 5:23ನ್ನೂ ಸರಿಯಾಗಿ ಓದಬೇಕು. "ನಿನ್ನ ಸಹೋದರನಿಗೆ ನಿನ್ನ ಮೇಲೆ ದೂರು ಇದ್ದರೆ" ಅಂತ ಇರೋದು. ಹೋಗಬೇಕಾದವರು ಕಾರ್ಯದರ್ಶಿ. ಟೀಚರ್ ಅಮ್ಮ ಆ ವಚನಕ್ಕೆ ಹೆದರಿ ಕರ್ತನ ಭೋಜನ ಬಿಡಬೇಕಾಗಿಲ್ಲ.

ಖಜಾಂಚಿ_ಮಗಳು
ಇದನ್ನು ಅಮ್ಮನಿಗೆ ಓದಿ ಹೇಳಿದೆ. ಸತ್ಯವೇದ ತೆಗೆದು ತಾವೇ ಇನ್ನೊಮ್ಮೆ ನೋಡಿದರು. ಏನೂ ಹೇಳಲಿಲ್ಲ, ಆದರೆ ಕನ್ನಡಕ ಒರೆಸಿಕೊಂಡು ಮೂರು ಸಲ ಓದಿದರು.

ಕುಡ್ಲದ_ಕೊಯರ್
ಈಗ ಮುಂದೆ ಏನು ಮಾಡುವುದು ಹೇಳಿ. ಬರೀ ವಚನ ಹೇಳಿಕೊಂಡು ಕೂತ್ರೆ ಆಗ್ಲಿಕ್ಕಿಲ್ಲ. ಪೇತ್ರ ಅಂತಿಯೋಕ್ಯದಲ್ಲಿ ತಪ್ಪಿದಾಗ ಪೌಲ ಎಲ್ಲರ ಮುಂದೆಯೇ ಕೇಳಿದ, ಗಲಾತ್ಯ 2. ಎಲ್ಲರ ಮುಂದೆ ಆದದ್ದು ಎಲ್ಲರ ಮುಂದೆಯೇ ಸರಿ ಆಗಬೇಕು. ಕಾರ್ಯದರ್ಶಿ ಎದ್ದು ನಿಂತು ಹೇಳಲಿ.

ಎರಡೂ_ಕಡೆ_ಕೇಳಿ
ಅಮ್ಮ ಆ ಹೆಣ್ಣುಮಗಳಿಗೆ ಮಾತು ಕೊಟ್ಟಿದ್ದಾರಲ್ಲ? ಅದನ್ನು ಮುರಿಯದೆ ಒಂದು ದಾರಿ ಇದೆ. ಮುಂದಿನ ಮಹಾಸಭೆಯಲ್ಲಿ ನಡಾವಳಿ ಪುಸ್ತಕಕ್ಕೆ ಒಂದು ಠರಾವು ಬರಲಿ: "ಸದರಿ ವರ್ಷದ ಲೆಕ್ಕ ಪುನಃ ಪರಿಶೀಲಿಸಲಾಗಿ, ಆಗಿನ ಖಜಾಂಚಿಯವರ ಪುಸ್ತಕದಲ್ಲಿ ಯಾವ ದೋಷವೂ ಕಂಡುಬಂದಿಲ್ಲ. ಅವರ ಮೇಲೆ ಹೊರಿಸಿದ ಆರೋಪವನ್ನು ಸಭೆ ಹಿಂಪಡೆದು ವಿಷಾದ ವ್ಯಕ್ತಪಡಿಸುತ್ತದೆ." ಇದನ್ನು ಆರಾಧನೆಯಲ್ಲಿ ಪ್ರಕಟಣೆಗಳ ಜೊತೆ ಗಟ್ಟಿಯಾಗಿ ಓದಬೇಕು. ತೆಗೆದವರ ಹೆಸರು ಅದರಲ್ಲಿ ಬೇಡ.

ಬೆರೋಯದವನು
ಹೆಸರು ಬೇಡ ಅಂದ್ರೆ ಜನ ಇನ್ನೊಬ್ಬ ಅಮಾಯಕನ ಮೇಲೆ ಗುಮಾನಿ ಪಡ್ತಾರೆ. ಕಮಿಟಿಯಲ್ಲಿ ಉಳಿದವರಿಗೂ ಮಾನ ಇದೆ. ಹೆಸರು ಹೇಳಲೇಬೇಕು ಅನ್ನೋದೇ ನನ್ನ ಮಾತು. ತಪ್ಪು ಮಾಡಿದವರನ್ನು ಎಲ್ಲರ ಮುಂದೆ ಗದರಿಸು ಅನ್ನುತ್ತೆ 1 ತಿಮೊಥೆ 5:20.

ಇಗರ್ಜಿ_ಹುಡುಗಿ
ಕನಿಷ್ಠ ಆ ಮನುಷ್ಯ ಕಮಿಟಿಯಿಂದ ಇಳಿಯಲಿ. ಕ್ಷಮೆ ಸಿಕ್ಕಿತು ಅಂತ ಬೀರುವಿನ ಬೀಗದ ಕೈ ವಾಪಸ್ ಸಿಗಬೇಕಾಗಿಲ್ಲ.

ನಿವೃತ್ತ_ಸಭಾಪಾಲಕ
ಠರಾವು ಒಳ್ಳೆಯದು. ಜೊತೆಗೆ ಹಳೆಯ ಸಭಾಪಾಲಕರು ಎಲ್ಲಿದ್ದರೂ ಒಂದು ಭಾನುವಾರ ಬಂದು ಆ ಪೀಠದಿಂದಲೇ ಮಾತಾಡಲಿ. ಅವರ ಮೌನವನ್ನು ಕಮಿಟಿಯ ಠರಾವು ತೊಳೆಯುವುದಿಲ್ಲ. ಅವರಿಗೆ ನಾನು ಬೇಕಾದರೆ ಪತ್ರ ಬರೆಯುತ್ತೇನೆ. ತಂಗೀ, ಇಲ್ಲಿ ಹೆಸರು ಹಾಕಬೇಡಿ, ಖಾಸಗಿಯಾಗಿ ಕಳಿಸಿ.

ಧಾರವಾಡ_ಪೇಢೆ
ಬರ್ತಾರಂತೀರೇನು ಅವರು?

ನಿವೃತ್ತ_ಸಭಾಪಾಲಕ
ಬರುವುದಿಲ್ಲ ಎಂದೇ ನನ್ನ ಅಂದಾಜು. ಬರೆಯುವುದಂತೂ ಬರೆಯುತ್ತೇನೆ.

ಖಜಾಂಚಿ_ಮಗಳು
ಅಮ್ಮನ ಜೊತೆ ಮಾತಾಡಿದೆ. ಠರಾವಿಗೆ ಒಪ್ಪಿದ್ದಾರೆ. ಕಾರ್ಯದರ್ಶಿ ಹೆಸರು ಬೇಡವೇ ಬೇಡ ಅಂದರು, ಅವರ ಹೆಂಡತಿಗೆ ಕೊಟ್ಟ ಮಾತು ಮಾತೇ ಅಂತೆ. ಆದರೆ ವಿಷಾದ ಅನ್ನೋ ಪದ ಸಾಲದು, "ಕ್ಷಮೆ ಕೇಳುತ್ತದೆ" ಅಂತ ಬರೆಯಬೇಕು ಅಂದರು, ಟೀಚರ್ ಅಲ್ವಾ. ಕೈ ಕೊಡೋದನ್ನು ಠರಾವು ಓದಿದ ಮೇಲೆ ನೋಡ್ತಾರಂತೆ. ಇನ್ನೊಮ್ಮೆ ಖಜಾಂಚಿ ಆಗ್ತೀರಾ ಅಂತ ಕೇಳಿದ್ದಕ್ಕೆ ನನ್ನ ಮೇಲೆ ರೇಗಿದರು.

ಬೆರೋಯದವನು
ಹೆಸರಿನ ವಿಷಯದಲ್ಲಿ ನನಗೆ ಈಗಲೂ ಒಪ್ಪಿಗೆ ಇಲ್ಲ. ಆದರೆ ಅವರ ಮಾತು, ಅವರ ಹಕ್ಕು.

ಎರಡೂ_ಕಡೆ_ಕೇಳಿ
ಠರಾವಿನ ಕರಡು ತಿದ್ದಿ ಸಂಜೆ ಕಳಿಸ್ತೀನಿ. ಮಹಾಸಭೆಯ ನೋಟಿಸಿನಲ್ಲಿ ಈ ವಿಷಯವನ್ನು ಮೊದಲೇ ಹಾಕಿಸಿ, ಇಲ್ಲದಿದ್ದರೆ "ವಿಷಯಪಟ್ಟಿಯಲ್ಲಿ ಇಲ್ಲ" ಅಂತ ತಳ್ಳಿಬಿಡ್ತಾರೆ. ಅಧ್ಯಕ್ಷತೆ ಹೊಸ ಅಯ್ಯನವರದು, ಕೈ ಕುಲುಕಿ ಅಂದವರಿಗೆ ಇದನ್ನು ಓದೋಕೂ ಬಾಯಿ ಬರಬೇಕು. ಸವಾಲಿಗೆ ಈ ಸಲದಿಂದ ನಂಬರ್ ಹಾಕಿದ ಎರಡು ಪ್ರತಿಯ ರಸೀದಿ ಪುಸ್ತಕ ಮಾಡಿಸಿ, ಬಾಕಿ ಹೇಳಿದವರ ಸಹಿ ಅಲ್ಲೇ ಅಂಗಳದಲ್ಲೇ ತಗೊಳ್ಳಿ.

ಧಾರವಾಡ_ಪೇಢೆ
ಸಹಿ ಕೇಳಿದ್ರ ನಮ್ಮ ಮಂದಿ ಕುಂಬಳಕಾಯಿ ಕೊಳ್ಳೂದ ಬಿಡ್ತಾರ ನೋಡ್ರಿ.

ಎರಡೂ_ಕಡೆ_ಕೇಳಿ
ಬಿಡಲಿ ಬಿಡ್ರಿ. ಕೊಟ್ಟವರ ದುಡ್ಡಿಗಾದರೂ ಲೆಕ್ಕ ಇರುತ್ತೆ.